ಗಿಳಿ ಹಸಿರು ಗೋಡೆಯ ಪ್ರಸಂಗ

ಊರಿಗೆಲ್ಲ ಬಣ್ಣ ಮಾರುವ ನಮ್ಮ ಯಜಮಾನರ ಸ್ವಂತ ಮನೆಯ ಗೋಡೆಗಳಿಗೆ ಮಾತ್ರ ಬಣ್ಣವೇ ಇರಲಿಲ್ಲ. ಹಾಗೆಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಹಾಲ್‌ನಲ್ಲಿರುವುದು ಹಳೆಯ ದಂತ, ಮಲಗುವ ಕೋಣೆಯದು ಮುತ್ತಿನ ಚಿಪ್ಪು, ಅಡುಗೆಮನೆಯದು ಮುಂಜಾವಿನ ಮಂಜು. ಈ ಮೂರರ ನಡುವಿನ ಅಜಗಜಾಂತರ ವ್ಯತ್ಯಾಸ ಜಗತ್ತಿನಲ್ಲಿ ಅವರೊಬ್ಬರಿಗೇ ಕಾಣುತ್ತಿತ್ತು. ಉಳಿದವರು ಎಲ್ಲವನ್ನೂ ಬಿಳಿ ಎಂದು ಕರೆದು ಸುಮ್ಮನಾಗುತ್ತಿದ್ದರು. (ಯಜಮಾನರು ಎಂದದ್ದು ಬಣ್ಣದಂಗಡಿಯ ಮಟ್ಟಿಗೆ. ಮನೆಯ ಆಡಳಿತ ಯಾರ ಕೈಯಲ್ಲಿದೆ ಎಂಬುದು ಮುಂದೆ ತಾನಾಗಿಯೇ ಗೊತ್ತಾಗುತ್ತದೆ.)

ಅಂಗಡಿಯಲ್ಲಂತೂ ಅವರ ಮಾತಿಗೆ ಎದುರಿಲ್ಲ. ಕೆಂಪು ಬೇಕೆಂದು ಬಂದ ಗಿರಾಕಿ ವಾಪಸು ಹೋಗುವಾಗ ಅವನ ಕೈಯಲ್ಲಿ 'ಒಣಗಿದ ಗುಲಾಬಿ'ಯ ಡಬ್ಬಿ ಇರುತ್ತಿತ್ತು. ಹಳದಿ ಕೇಳಿದವನಿಗೆ 'ಮಾಗಿದ ಗೋಧಿ'. "ಗೋಡೆ ಮಾತಾಡಬಾರದು ಸ್ವಾಮಿ. ಮಾತಾಡೋಕೆ ಮನೇಲಿ ಬೇಕಾದಷ್ಟು ಜನ ಇರ್ತಾರೆ," ಎಂದು ಅವರು ಉಪದೇಶ ಕೊಟ್ಟರೆ ಗಂಡಸರೆಲ್ಲ ತಲೆದೂಗಿ ತಿಳಿ ಬಣ್ಣ ಕೊಂಡು ಹೋಗುತ್ತಿದ್ದರು. ಅವರು ಸಹಿಸದ ಬಣ್ಣವೆಂದರೆ ಒಂದೇ, ಗಿಳಿ ಹಸಿರು. ಅದನ್ನು ಅವರು ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣವೆಂದು ಕರೆಯುತ್ತಿದ್ದರು. ಕಂಪನಿಯವರು ಬಲವಂತವಾಗಿ ಕಳಿಸಿದ್ದ ಆ ಡಬ್ಬಿಗಳನ್ನು ಕೆಳಗಿನ ಕಪಾಟಿಗೆ ತಳ್ಳಿ, ಮೇಲೆ ಗೋಣಿಚೀಲ ಮುಚ್ಚಿ ಇಟ್ಟಿದ್ದರು.

ಇಂಥ ಯಜಮಾನರಿಗೂ ಒಂದು ಕೊರಗಿತ್ತು. ಕೊರಗೆಂದರೆ ಮಗಳದು. ಚಿಕ್ಕವಳಿದ್ದಾಗ ಅವಳಿಗೆ ಎಲ್ಲದಕ್ಕೂ ಅಪ್ಪನೇ ಬೇಕು. ಪೆನ್ಸಿಲ್ ಚೂಪು ಮಾಡುವುದಕ್ಕೆ, ಸೈಕಲ್ಲಿನ ಚೈನು ಹಾಕುವುದಕ್ಕೆ, ಚಂದ್ರ ನಮ್ಮ ಹಿಂದೆಯೇ ಯಾಕೆ ಬರುತ್ತಾನೆಂದು ವಿಚಾರಿಸುವುದಕ್ಕೆ. ಈಗ ಅವಳು ಕಾಲೇಜಿನಲ್ಲಿ ಡಿಜಿಟಲ್ ಮೀಡಿಯಾ ಎಂಬುದನ್ನು ಓದುತ್ತಿದ್ದಳು. ಚಂದ್ರನನ್ನೂ ಸೇರಿಸಿ ಎಲ್ಲ ವಿಷಯವೂ ಅವಳ ಫೋನಿನಲ್ಲೇ ಸಿಗುತ್ತಿತ್ತು. ಅಪ್ಪ ಎಂಬ ಹುದ್ದೆಯೇನೂ ರದ್ದಾಗಿರಲಿಲ್ಲ, ಆದರೆ ಆ ಮೇಜಿಗೆ ಕಡತಗಳು ಬರುವುದು ಪೂರ್ತಿ ನಿಂತುಹೋಗಿತ್ತು. ಯಜಮಾನರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ವಿಷಯವೂ ಅದಲ್ಲ.

ಹೀಗಿರುವಾಗ ಒಂದು ಶನಿವಾರ ಸಂಜೆ ಮಗಳು ತಾನಾಗಿಯೇ ಅವರ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು.

"ಅಪ್ಪಾ, ನಿನ್ನಿಂದ ಒಂದು ಸಹಾಯ ಆಗ್ಬೇಕಿತ್ತು."

ಯಜಮಾನರು ಟೀವಿ ಆರಿಸಿ ನೆಟ್ಟಗೆ ಕುಳಿತರು.

"ಕಾಲೇಜಿಗೆ ಒಂದು ಹಾಡಿನ ವಿಡಿಯೋ ಮಾಡ್ಬೇಕು. ಹಾಡು ನಾನೇ ಬರ್ದಿದೀನಿ, ಹಾಡೋದೂ ನಾನೇ. ಶುಕ್ರವಾರ ಎಲ್ಲರ ಮುಂದೆ ತೋರಿಸ್ಬೇಕು, ಅವತ್ತು ತಪ್ಪಿದ್ರೆ ಈ ಸಲ ಪಾಸಾಗೋದೇ ಇಲ್ಲ. ಶೂಟಿಂಗ್‌ಗೆ ನನ್ನ ಹಿಂದೆ ಹಸಿರು ಬ್ಯಾಕ್‌ಗ್ರೌಂಡ್ ಬೇಕು, ದೊಡ್ಡದು. ಕಾಲೇಜಿನ ಸ್ಟುಡಿಯೋನ ಬೇರೆಯವರು ಹಿಡ್ಕೊಂಡುಬಿಟ್ಟಿದಾರೆ. ನಮ್ಮಂಗಡಿ ಪಕ್ಕ ಬಟ್ಟೆಯವರು ಇದಾರಲ್ಲ, ಅವರ ಹತ್ರ..."

ಬಟ್ಟೆ ಎಂಬ ಮಾತು ಯಜಮಾನರ ಕಿವಿಯ ತನಕ ಬರಲೇ ಇಲ್ಲ. ಮಗಳು ಬಂದಿದ್ದಾಳೆ, ಬಣ್ಣ ಕೇಳುತ್ತಿದ್ದಾಳೆ. ಅವರ ಕಿವಿ ಅಷ್ಟಕ್ಕೇ ತುಂಬಿಹೋಗಿತ್ತು.

"ಆಮೇಲೆ ಕಂಪ್ಯೂಟರಲ್ಲಿ ಆ ಹಸಿರನ್ನ..." ಎಂದು ಅವಳು ಮುಂದುವರಿಸಿದಳು.

"ನೀನು ಹಾಡಿನ ಕಡೆ ನೋಡ್ಕೋ ಪುಟ್ಟಿ. ಹಸಿರು ನನಗೆ ಬಿಡು," ಎಂದರು ಯಜಮಾನರು. ಆ ಧ್ವನಿಗೆ ಎದುರು ಹೇಳಲು ಅವಳಿಗೂ ಮನಸ್ಸಾಗಲಿಲ್ಲ.

ಇಲ್ಲಿ ಮನೆಯ ಆಡಳಿತದ ವಿಷಯ ಹೇಳಬೇಕು. ಮನೆಯಾಕೆ ಆಗ ಊರಲ್ಲಿರಲಿಲ್ಲ. ತಂಗಿಗೆ ಹೆರಿಗೆಯಾಗಿತ್ತು, ಬಾಣಂತಿ ಮತ್ತು ಮಗುವನ್ನು ನೋಡಿಕೊಳ್ಳಲು ಹೋಗಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಒಂದು ಆಜ್ಞೆ ಹೊರಡಿಸಿದ್ದರು: "ರೀ, ನನ್ನ ಕೇಳದೆ ಮನೇಲಿ ಬ್ರಷ್ ಮುಟ್ಟಿದ್ರೆ ನೋಡಿ." ಹಿಂದೊಮ್ಮೆ ಯಜಮಾನರು ಮುಂಜಾವಿನ ಮಂಜನ್ನು ಅಡುಗೆಮನೆಗೆ ಬಳಿಯುವಾಗ ಅದರ ಒಂದು ಹನಿ, ಹೇಗೋ ಏನೋ, ಹಾಲ್‌ನ ಸೋಫಾದ ಮೇಲೆ ಬಿದ್ದಿತ್ತು. ಇಂದಿಗೂ ಬಂದ ನೆಂಟರಿಗೆಲ್ಲ ಕುಡಿಯಲು ನೀರು ಕೊಡುವ ಮೊದಲು ಆ ಹನಿಯ ದರ್ಶನ ಮಾಡಿಸಲಾಗುತ್ತದೆ.

ಆದರೆ ಮನೆಯಾಕೆ ಬರುವುದು ಮುಂದಿನ ಭಾನುವಾರ. ಅಷ್ಟರಲ್ಲಿ ಬಳಿದು, ಶೂಟಿಂಗ್ ಮುಗಿಸಿ, ಮತ್ತೆ ಹಳೆಯ ದಂತ ಹೊಡೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಯಜಮಾನರಿಗೆ ಎಲ್ಲಿಲ್ಲದ ಧೈರ್ಯ ಬಂತು.

ಭಾನುವಾರ ಮಗಳು ಹಾಡನ್ನು ರೆಕಾರ್ಡ್ ಮಾಡಲು ಗೆಳೆಯರ ಜೊತೆ ಹೋದಳು. ಯಜಮಾನರು ಸೋಫಾಕ್ಕೆ ಹೊದಿಕೆ ಹೊದಿಸಿ ಕೆಲಸಕ್ಕೆ ಇಳಿದರು. ಎಂಥ ಹಸಿರು? ಅಲ್ಲೇ ಇತ್ತು ಅವರ ಕಲೆ. ಮಗಳ ಹಾಡನ್ನು ಕಾಲೇಜಿಗೆ ಕಾಲೇಜೇ ನೋಡುತ್ತದೆ, ಹಿಂದಿನ ಗೋಡೆಯನ್ನು ನೋಡಿ 'ಆಹಾ, ಯಾರದಪ್ಪಾ ಈ ಅಭಿರುಚಿ' ಎನ್ನಬೇಕು. ಹಸಿರಿಗೆ ಸ್ವಲ್ಪ ಬೂದು ಬಣ್ಣ ಬೆರೆಸಿದರು, ಬೂದು ಬಣ್ಣಕ್ಕೆ ಸ್ವಲ್ಪ ಮರಳು ಬಣ್ಣ ಬೆರೆಸಿದರು, ಮೇಲೊಂದು ತೊಟ್ಟು ಕಂದು ಹಾಕಿದರು. ಕೊನೆಗೆ ಸಿಕ್ಕಿದ್ದು ಇದೆಯೋ ಇಲ್ಲವೋ ಎಂಬಂಥ ಒಂದು ಘನಗಂಭೀರ ಹಸಿರು. ಅದಕ್ಕೆ 'ಬೆಳಗಿನ ಪಾಚಿ' ಎಂದು ಅವರೇ ನಾಮಕರಣ ಮಾಡಿದರು. ಅದೂ ರೇಷ್ಮೆಯ ಹೊಳಪಿರುವ ಪೇಂಟಿನಲ್ಲಿ. ಮಗಳ ವಿಷಯದಲ್ಲಿ ಜಿಪುಣತನ ಮಾಡುವುದುಂಟೆ?

ಮಗಳು ಬಂದವಳು ಬಾಗಿಲಲ್ಲೇ ಕಕ್ಕಾಬಿಕ್ಕಿಯಾಗಿ ನಿಂತಳು.

"ಗೋಡೆನೇ ಬಳಿದುಬಿಟ್ಟಿದೀಯಾ?"

"ಬಟ್ಟೆಗಿಟ್ಟೆ ಎಲ್ಲ ಸುಕ್ಕು ಬೀಳುತ್ತೆ," ಎಂದರು ಯಜಮಾನರು. (ಬಟ್ಟೆಯ ಮಾತು ಈಗ ನೆನಪಾಗಿತ್ತು.)

"ಅಮ್ಮಂಗೆ ಗೊತ್ತಾದ್ರೆ?"

"ಅಮ್ಮನ್ನ ನನಗೆ ಬಿಡು."

ಅವಳು ಗೋಡೆಯನ್ನು ನೋಡಿದಳು, ಬಣ್ಣದ ಚುಕ್ಕಿ ಬಿದ್ದಿದ್ದ ಅಪ್ಪನ ಮೂಗನ್ನು ನೋಡಿದಳು. ಇದು ಆಗುವ ಹಸಿರಲ್ಲ ಎಂದು ಅವಳಿಗೆ ಆಗಲೇ ಅನುಮಾನ ಬಂದಿತ್ತು. ಆದರೂ ಅವರ ಮುಖ ನೋಡಿ ಹಾಗೆ ಹೇಳಲು ಬಾಯಿ ಬರಲಿಲ್ಲ. "ಚೆನ್ನಾಗಿದೆ ಅಪ್ಪಾ," ಎಂದಳು.

ಮಾರನೆಯ ದಿನ ಅವಳ ಸಹಪಾಠಿ ಕ್ಯಾಮೆರಾ ಹೊತ್ತುಕೊಂಡು ಬಂದ. ತಲೆಯ ಮೇಲೆ ಹಕ್ಕಿ ಗೂಡು ಕಟ್ಟಬಹುದಾದಷ್ಟು ಗುಂಗುರು ಕೂದಲಿದ್ದ ಅವನನ್ನು ಎಲ್ಲರೂ ಗುಂಗುರು ಎಂದೇ ಕರೆಯುತ್ತಿದ್ದರು. ಗೋಡೆಯ ಮುಂದೆ ಯಜಮಾನರ ಕುರ್ಚಿಯನ್ನೇ ಹಾಕಿ, ಅದರ ಮೇಲೆ ಮಗಳನ್ನು ಕೂರಿಸಿ, ಹಾಡು ಹಚ್ಚಿದರು. ಮನೆಯಿಂದ ಹೊರಗೆ ಕಾಲಿಡದ ಹುಡುಗಿಯೊಬ್ಬಳು ಕುರ್ಚಿಯಲ್ಲೇ ಕುಳಿತು ಜಗತ್ತು ಸುತ್ತುವ ಹಾಡು ಅದು. ಯಜಮಾನರು ಅಂಗಡಿಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಮಗಳು ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ಅವರಿಗೆ ಗೊತ್ತೇ ಇರಲಿಲ್ಲ.

ಶೂಟಿಂಗ್ ಮುಗಿಸಿ ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತರು. ಯಜಮಾನರು ಬೆನ್ನ ಹಿಂದೆ ನಿಂತರು. ಗುಂಗುರು ಏನೋ ಒಂದು ಗುಂಡಿ ಒತ್ತಿದ. ಗೋಡೆ ಮಾಯವಾಗಿ ಅಲ್ಲಿ ಸಮುದ್ರ ಬಂತು. ಗೋಡೆಯ ಜೊತೆಗೆ ಮಗಳ ಎಡಗೆನ್ನೆ, ಕುತ್ತಿಗೆ ಮತ್ತು ಕುರ್ಚಿಯ ಎರಡು ಕಾಲುಗಳೂ ಮಾಯವಾದವು. ಉಳಿದ ಬಲಗೆನ್ನೆ ಅಲೆಗಳ ಮೇಲೆ ತೇಲುತ್ತಾ ಹಾಡುತ್ತಿತ್ತು.

"ಗೋಡೆ ಎಲ್ಲಿ ಹೋಯ್ತು?" ಎಂದರು ಯಜಮಾನರು.

"ಗೋಡೆ ಹೋಗ್ಲೇಬೇಕು ಅಂಕಲ್," ಎಂದ ಗುಂಗುರು. "ಕಂಪ್ಯೂಟರ್‌ಗೆ ಇಂಥ ಬಣ್ಣ ತೆಗೆ ಅಂತ ಹೇಳ್ತೀವಿ. ಅದು ತೆಗೆದು ಆ ಜಾಗದಲ್ಲಿ ಸಮುದ್ರ, ಮೋಡ, ಏನು ಬೇಕೋ ಅದನ್ನ ಇಡುತ್ತೆ. ಆದ್ರೆ ನಿಮ್ಮ ಹಸಿರಲ್ಲಿ ಬೂದು, ಕಂದು ಎಲ್ಲ ಇದೆ. ಮನುಷ್ಯರ ಮುಖದ ನೆರಳಲ್ಲೂ ಅದೇ ಬಣ್ಣ ಇರುತ್ತಲ್ಲ, ಅದನ್ನೂ ಸೇರಿಸಿ ತೆಗೀತಿದೆ."

"ಅಂದ್ರೆ, ಅಳಿಸಿಹಾಕೋದಕ್ಕೆ ಅಂತಲೇ ಗೋಡೆ ಬಳಿಯೋದಾ?"

"ಹೌದು ಅಂಕಲ್."

ಯಜಮಾನರು ತಾವು ಬಳಿದ ಗೋಡೆಯ ಕಡೆ ತಿರುಗಿ ನೋಡಿದರು. ಹೋಟೆಲು, ಶಾಲೆ, ಮದುವೆಮನೆ, ಎಷ್ಟೆಷ್ಟು ಗೋಡೆಗಳಿಗೆ ಅವರು ಬಣ್ಣ ಕೊಟ್ಟಿದ್ದರು. ಯಾರೂ ನೋಡಬಾರದು ಎಂದು ಬಣ್ಣ ಕೇಳಿದವರನ್ನು ಈವರೆಗೆ ಕಂಡಿರಲಿಲ್ಲ. ಹಾಗೆ ಕೇಳಿದವಳು ಸ್ವಂತ ಮಗಳೇ ಆಗಬೇಕೆ?

"ನಾನವತ್ತೇ ಹೇಳೋಕೆ ಬಂದೆ ಅಪ್ಪಾ," ಎಂದಳು ಮಗಳು ಮೆಲ್ಲಗೆ. "ನೀನು ಅಷ್ಟು ಖುಷಿಯಾಗಿದ್ದೆ. ಹೋಗ್ಲಿ ಬಿಡು, ನಾಳೆ ಬಟ್ಟೆ ತಂದು ಕಟ್ಟೋಣ."

ಬಟ್ಟೆ. ಹೊಳಪಿನ ಪೇಂಟು ಕಟ್ಟಿಕೊಂಡು ಬದುಕಿದ ಮನುಷ್ಯನ ಮನೆಯಲ್ಲಿ, ಪಕ್ಕದಂಗಡಿಯವನ ಬಟ್ಟೆ. ಯಜಮಾನರು ಕೇಳಿದರು: "ಯಾವ ಹಸಿರಾದ್ರೆ ಆ ಕಂಪ್ಯೂಟರ್‌ಗೆ ಮುಖ ಯಾವುದು ಗೋಡೆ ಯಾವುದು ಅಂತ ಗೊತ್ತಾಗುತ್ತೆ?"

ಗುಂಗುರು ಪರದೆಯ ಮೇಲೆ ತೋರಿಸಿದ. ಯಜಮಾನರು ಒಮ್ಮೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಕೆಲಸದವರೆಲ್ಲ ನೋಡುತ್ತಿರುವಂತೆಯೇ, ಕೆಳಗಿನ ಕಪಾಟಿನ ಗೋಣಿಚೀಲ ಎತ್ತಿದರು.

ಗಿಳಿ ಹಸಿರು ಬಳಿಯುವುದೆಂದು ಒಪ್ಪಿಕೊಂಡ ಮೇಲೆ ಅದನ್ನು ಅಡ್ಡಾದಿಡ್ಡಿ ಬಳಿಯುವುದು ಅವರ ಜಾಯಮಾನವಲ್ಲ. ಎಲ್ಲೂ ಹೊಳಪಿರಬಾರದು, ಬ್ರಷ್ಷಿನ ಗೆರೆ ಇರಬಾರದು, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಬಾರದು ಎಂದು ಗುಂಗುರು ಹೇಳಿದ್ದ. ಯಜಮಾನರು ಗೋಡೆಯನ್ನು ಉಜ್ಜಿ, ಒರೆಸಿ, ಸಣ್ಣ ಗೀರುಗಳಿಗೆಲ್ಲ ಪುಟ್ಟಿ ತುಂಬಿ, ಹೊಳಪಿಲ್ಲದ ಪೇಂಟನ್ನು ರೋಲರಿನಿಂದ ಪದರದ ಮೇಲೆ ಪದರ ಹೊಡೆದರು. ಜೀವಮಾನದಲ್ಲೇ ಅಷ್ಟು ಚೊಕ್ಕವಾಗಿ ಯಾವ ಗೋಡೆಯನ್ನೂ ಬಳಿದಿರಲಿಲ್ಲ. ಮುಗಿದಾಗ ಹಾಲ್‌ನೊಳಗೆ ಕಾಲಿಟ್ಟವರ ಕಣ್ಣು ಕುಕ್ಕುತ್ತಿತ್ತು. ಅವರ ಸ್ವಂತ ಮುಖವೇ ಕನ್ನಡಿಯಲ್ಲಿ ಸ್ವಲ್ಪ ಹಸಿರಾಗಿ ಕಾಣುತ್ತಿತ್ತು.

ಉಳಿದದ್ದು ಮನೆಯಾಕೆಯ ಫೋನು. ಅವರಿಗೆ ಬರಿಯ ಮಾತು ಸಾಲದು, ಮುಖ ನೋಡಬೇಕು. ಹಾಲ್‌ನಲ್ಲಿ ಎಲ್ಲಿ ನಿಂತರೂ ಗೋಡೆ ಇಣುಕುತ್ತಿತ್ತು. ಅಡುಗೆಮನೆಯಲ್ಲಿ ಬಣ್ಣದ ಡಬ್ಬಿಗಳು, ಮಲಗುವ ಕೋಣೆಯಲ್ಲಿ ಏಣಿ. ಹಾಗಾಗಿ ಯಜಮಾನರು ಫೋನು ಬಂದಾಗಲೆಲ್ಲ ಬಚ್ಚಲುಮನೆಗೆ ಓಡುತ್ತಿದ್ದರು.

"ಯಾಕ್ರೀ, ಯಾವಾಗ ಮಾಡಿದ್ರೂ ಬಚ್ಚಲಲ್ಲೇ ಇರ್ತೀರಿ?" ಎಂದರು ಮನೆಯಾಕೆ. "ಹೊಟ್ಟೆ ಸರಿ ಇಲ್ವಾ?"

"ಸರಿ ಇದೆ ಕಣೇ."

"ಸರಿ ಇದ್ರೆ ಅಲ್ಯಾಕೆ ನಿಂತಿದೀರಿ? ಹೋಟೆಲಲ್ಲಿ ಏನು ತಿಂದ್ರಿ, ನಿಜ ಹೇಳಿ."

"ಏನೂ ತಿಂದಿಲ್ಲ."

"ಅದಕ್ಕೇ ಮತ್ತೆ. ಹೊತ್ತು ಹೊತ್ತಿಗೆ ತಿನ್ನದೆ ಇದ್ರೆ ಹೊಟ್ಟೆ ಕೆಡದೆ ಏನಾಗುತ್ತೆ?"

ಈ ವಿಚಾರಣೆಯಿಂದ ಪಾರು ಮಾಡಿದ್ದು ಗುಂಗುರು. ಹಳೆಯ ಫೋಟೋ ಒಂದರಲ್ಲಿ ಹಾಲ್‌ನ ಬಿಳಿ ಗೋಡೆ (ಕ್ಷಮಿಸಿ, ಹಳೆಯ ದಂತ) ಖಾಲಿಯಾಗಿ ಸಿಕ್ಕಿತು, ಮೇಲೊಂದು ಗೋಡೆ ಗಡಿಯಾರ. ಯಜಮಾನರು ಗಿಳಿ ಹಸಿರಿನ ಮುಂದೆ ಕುಳಿತು ಕಂಪ್ಯೂಟರಿನಿಂದ ಕರೆ ಮಾಡಬೇಕು, ಕಂಪ್ಯೂಟರ್ ಹಸಿರು ತೆಗೆದು ಹಳೆಯ ಗೋಡೆ ಇಡಬೇಕು. ಹಾಗೇ ಆಯಿತು. ಮನೆಯಾಕೆಗೆ ಗಂಡ ಮೊದಲಿನಂತೆ ಮೊದಲಿನ ಗೋಡೆಯ ಮುಂದೆ ಕಂಡರು. ಯಜಮಾನರು ತಂತ್ರಜ್ಞಾನಕ್ಕೆ ಮನಸ್ಸಿನಲ್ಲೇ ಕೈಮುಗಿದರು.

"ಗಡಿಯಾರ ನಿಂತುಹೋಗಿದೆ ನೋಡ್ರಿ," ಎಂದರು ಮನೆಯಾಕೆ.

ಫೋಟೋದೊಳಗಿನ ಗಡಿಯಾರ ಓಡುವುದಿಲ್ಲ ಎಂಬುದು ಯಜಮಾನರಿಗೆ ಆಗಲೇ ಹೊಳೆದದ್ದು. "ಹೌದಲ್ವಾ."

"ಸೆಲ್ ಹಾಕಿ."

"ಹಾಕ್ತೀನಿ."

ಮರುದಿನವೂ ಗಡಿಯಾರ ಅದೇ ಹೊತ್ತು ತೋರಿಸುತ್ತಿತ್ತು. "ಒಂದು ಸೆಲ್ ಹಾಕೋಕೆ ಎಷ್ಟು ದಿನ ಬೇಕ್ರೀ?" ಅದರ ಮರುದಿನ ಹೊಸ ಸೆಲ್ ಹಾಕಿದೆನೆಂದು ಯಜಮಾನರು ಪ್ರಮಾಣ ಮಾಡಿದರು. ಗಡಿಯಾರ ಮಾತ್ರ ಜಗ್ಗಲಿಲ್ಲ. ಮನೆಯಾಕೆ ಗಡಿಯಾರವನ್ನೂ ಗಂಡನನ್ನೂ ಒಂದಷ್ಟು ಹೊತ್ತು ದಿಟ್ಟಿಸಿ ನೋಡಿ, "ಆಯ್ತು," ಎಂದಷ್ಟೇ ಹೇಳಿ ಫೋನಿಟ್ಟರು. ಮದುವೆಯಾಗಿ ಇಷ್ಟು ವರ್ಷವಾಗಿದ್ದರೂ ಆ 'ಆಯ್ತು'ವಿನ ಅರ್ಥ ಯಜಮಾನರಿಗೆ ಹೊಳೆಯಲಿಲ್ಲ. ವಿಷಯ ತಣ್ಣಗಾಯಿತೆಂದು ತಿಳಿದು ಅವರು ನೆಮ್ಮದಿಯಿಂದ ಉಸಿರು ಬಿಟ್ಟರು.

ಇತ್ತ ಶೂಟಿಂಗ್ ಮತ್ತೆ ಮೊದಲಿನಿಂದ ನಡೆಯಿತು. ಈ ಸಲ ಯಜಮಾನರಿಗೂ ಕೆಲಸ ಸಿಕ್ಕಿತ್ತು. ಕುರ್ಚಿ ಹಾರುವ ಹಾಗೆ ಕಾಣಬೇಕೆಂದು ಅವರು ಹಸಿರು ಚೀಲವೊಂದನ್ನು ಮೈತುಂಬ ಹೊದ್ದುಕೊಂಡು, ಹಿಂದೆ ಕುಕ್ಕರುಗಾಲಲ್ಲಿ ಕುಳಿತು, ಕುರ್ಚಿಯನ್ನು ಮೆಲ್ಲಗೆ ಅಲುಗಿಸಬೇಕು. ಅವರೂ ಕಾಣಬಾರದು. "ಗೋಡೆನೇ ಕಾಣಲ್ಲ, ಇನ್ನು ನಾನ್ಯಾಕೆ," ಎಂದು ಚೀಲದೊಳಗಿಂದ ಗೊಣಗಿದರೂ, ಮಗಳು "ಇನ್ನೊಂದು ಸಲ ಅಪ್ಪಾ, ಸೂಪರಾಗಿ ಮಾಡ್ತಿದೀಯ," ಎಂದಾಗಲೆಲ್ಲ ಇನ್ನೊಂದು ಸಲ ಅಲುಗಿಸಿದರು. ಮೊಣಕಾಲು ಹಿಡಿದುಕೊಂಡಿತು. ಆ ನೋವಿನಲ್ಲೂ, ಇಂಥ ಒಳ್ಳೆಯ ವಾರವನ್ನು ತಾವು ಕಂಡು ಬಹಳ ಕಾಲವಾಯಿತೆಂದು ಅವರಿಗೆ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಮಗಳ ಸರದಿ ಬಂತು. ಪರದೆಯ ಮೇಲೆ ಅವರ ಕುರ್ಚಿ ಕಡಲು ದಾಟಿತು, ಮೋಡದೊಳಗೆ ನುಗ್ಗಿತು, ಓಡುವ ರೈಲಿನ ನೆತ್ತಿಯ ಮೇಲೆ ಕುಳಿತು ಊರೂರು ಸುತ್ತಿತು. ಕುರ್ಚಿಯ ಮೇಲೆ ಮಗಳು, ಎರಡೂ ಕೆನ್ನೆಗಳ ಸಮೇತ, ಕೂದಲ ಎಳೆ ಎಳೆಯೂ ಬಿಡಿಬಿಡಿಯಾಗಿ ಕಾಣುವಂತೆ. ಯಜಮಾನರು ಹಸಿರಿನ ಒಂದು ಚುಕ್ಕಿಯಾದರೂ ಎಲ್ಲಾದರೂ ಉಳಿದಿದೆಯೇ ಎಂದು ಕಣ್ಣು ಕಿರಿದು ಮಾಡಿ ಹುಡುಕಿದರು. ಒಂದೇ ಒಂದು ಕೂಡ ಇರಲಿಲ್ಲ.

ಹಾಡು ಮುಗಿದಾಗ ಪಾಠ ಮಾಡುವ ಮೇಡಂ ಎದ್ದು ನಿಂತು, "ಬ್ಯಾಕ್‌ಗ್ರೌಂಡ್ ಇಷ್ಟು ಕ್ಲೀನಾಗಿ ತೆಗೆದಿದ್ದನ್ನ ನಾನು ನಮ್ಮ ಸ್ಟುಡಿಯೋದಲ್ಲೂ ನೋಡಿಲ್ಲ. ಎಲ್ಲಿ ಶೂಟ್ ಮಾಡಿದ್ರಿ?" ಎಂದು ಕೇಳಿದರು.

"ನಮ್ಮ ಮನೇಲಿ, ಮೇಡಂ. ನಮ್ಮಪ್ಪ ಗೋಡೆ ಬಳಿದುಕೊಟ್ರು," ಎಂದಳು ಮಗಳು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಯಜಮಾನರು ತಮ್ಮ ಚಪ್ಪಲಿ ನೋಡಿಕೊಂಡು ಕುಳಿತರು.

ದಾರಿಯಲ್ಲಿ ಮಗಳು ಅವರ ತೋಳು ಹಿಡಿದುಕೊಂಡು ನಡೆದಳು. "ಅಪ್ಪಾ, ನೀನು ಬಳಿದ ಗೋಡೆ ಒಂದು ಚೂರೂ ಕಾಣಿಸ್ಲಿಲ್ಲ, ನೋಡಿದ್ಯಾ?" ಎಂದಳು. ಇಷ್ಟು ವರ್ಷದ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಅವರಿಗೆ ಸಿಕ್ಕಿರಲಿಲ್ಲ. ನಾಳೆ ಬೆಳಿಗ್ಗೆ ಎದ್ದವರೇ ಆ ಬಕೆಟ್ಟಿನ ಬಣ್ಣವನ್ನು ಅಳಿಸಿ ಹಳೆಯ ದಂತ ಹೊಡೆದುಬಿಟ್ಟರೆ ಬದುಕು ಪೂರ್ತಿ ಸುಖ ಎಂದುಕೊಳ್ಳುತ್ತಾ ಮನೆ ಮುಟ್ಟಿದರು.

ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಮನೆಯಾಕೆಯ ಚಪ್ಪಲಿಗಳಿದ್ದವು.

ಒಳಗೆ ಮನೆಯಾಕೆ ಬ್ಯಾಗನ್ನೂ ಕೆಳಗಿಡದೆ, ಸೋಫಾದ ತುದಿಯಲ್ಲಿ ಕುಳಿತು, ಗೋಡೆಯನ್ನು ನೋಡುತ್ತಿದ್ದರು.

"ನೀನು... ಇಷ್ಟು ಬೇಗ?" ಎಂದರು ಯಜಮಾನರು.

"ಹೊಟ್ಟೆ ಕೆಟ್ಟ ಮನುಷ್ಯ, ಎದ್ದು ಗಡಿಯಾರಕ್ಕೆ ಸೆಲ್ ಹಾಕೋಕೂ ಕೈಲಾಗ್ತಿಲ್ಲ ಅಂತ ಹೆದರಿಕೊಂಡು ಓಡಿಬಂದೆ," ಎಂದರು ಮನೆಯಾಕೆ, ಗೋಡೆಯಿಂದ ಕಣ್ಣು ತೆಗೆಯದೆ. "ನಿನ್ನೆ ಫೋನಲ್ಲಿ ಬಿಳಿಯಾಗೇ ಇತ್ತಲ್ಲ. ಇದು ಯಾರ ಕೆಲಸ?"

ಮಗಳು ಬಾಯಿ ತೆರೆದಳು. ಯಜಮಾನರು ಕೈ ಅಡ್ಡ ಹಿಡಿದು ಅವಳ ಮುಂದಕ್ಕೆ ಬಂದು ನಿಂತರು. ಈ ವಾರವೆಲ್ಲ ತಮ್ಮನ್ನು ಅಪ್ಪಾ ಅಪ್ಪಾ ಎಂದು ಕರೆದ ಮಗಳ ಮೇಲೆ ಒಂದು ಮಾತು ಬೀಳಲೂ ಅವರು ಬಿಡುವವರಲ್ಲ.

"ನಂದು. ಅವಳದೇನೂ ಇಲ್ಲ ಇದ್ರಲ್ಲಿ. ಈ ಬಣ್ಣ ಆರಿಸಿದ್ದು ನಾನು, ತಂದಿದ್ದು ನಾನು, ಬಳಿದಿದ್ದು ನಾನು. ನನಗೇ ಇಷ್ಟ ಆಗಿ ಬಳಿದೆ."

ಮನೆಯಾಕೆ ನಿಧಾನವಾಗಿ ಅವರ ಕಡೆ ತಿರುಗಿದರು. ಆ ಮುಖದಲ್ಲಿದ್ದದ್ದು ಸಿಟ್ಟಲ್ಲ. ಮದುವೆಯ ಹೊಸತರಲ್ಲಿ ಮಾತ್ರ ಕಂಡಿದ್ದ ಬೆರಗು ಅದು.

"ನಿಜವಾಗ್ಲೂ ನಿಮಗಿದು ಇಷ್ಟವಾ?"

"ಹೂಂ," ಎಂದರು ಯಜಮಾನರು.

"ನೋಡಿ, ನಾನು ಇಷ್ಟು ವರ್ಷ ಆಸ್ಪತ್ರೇಲಿ ಕೂತ ಹಾಗೆ ಈ ಮನೇಲಿ ಕೂತಿದ್ದೆ. ಊರಿಗೇ ಬಣ್ಣ ಹೇಳೋ ಮನುಷ್ಯ, ನಾನೇನು ಹೇಳೋದು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಬಾಗಿಲು ತೆಗೆದ ತಕ್ಷಣ ಮನಸ್ಸಿಗೆ ಎಷ್ಟು ಹಿತ ಆಯ್ತು ಗೊತ್ತಾ? ಈಗ ಬಂತು ನೋಡಿ ಮನೆಗೆ ಒಂದು ಕಳೆ." ಅವರು ಎದ್ದು ಹೋಗಿ ಗೋಡೆಯನ್ನು ಅಂಗೈಯಿಂದ ಸವರಿದರು. "ಕೆಲಸವೂ ಎಷ್ಟು ನೀಟಾಗಿದೆ. ಒಂದು ಗೆರೆ ಇಲ್ಲ."

ಯಜಮಾನರು ಕಾಪಾಡು ಎಂಬಂತೆ ಮಗಳ ಕಡೆ ನೋಡಿದರು.

"ಹೌದಮ್ಮಾ," ಎಂದಳು ಮಗಳು, ಮುಖದ ಒಂದು ನರವನ್ನೂ ಅಲುಗಿಸದೆ. "ನಾನು ಬಟ್ಟೆ ಸಾಕು ಅಂದೆ, ಅಪ್ಪನೇ ಕೇಳ್ಲಿಲ್ಲ."

"ಹಾಗಾದ್ರೆ ಒಂದು ಕೆಲಸ ಮಾಡಿ," ಎಂದರು ಮನೆಯಾಕೆ, ಕೊನೆಗೂ ಬ್ಯಾಗನ್ನು ಕೆಳಗಿಡುತ್ತಾ. "ನಾಳೆ ಮಲಗೋ ಕೋಣೆಗೂ ಇದನ್ನೇ ಹೊಡೆದುಬಿಡಿ. ಮಿಕ್ಕರೆ ಅಡುಗೆಮನೆಗೂ ಆಗುತ್ತೆ. ನಾನೇ ಹೇಳ್ತಿದೀನಿ, ಬ್ರಷ್ ಮುಟ್ಟಿ."

ಶನಿವಾರ ಬೆಳಿಗ್ಗೆ ಅಂಗಡಿಯ ಕೆಲಸದವರು, ಯಜಮಾನರು ಕೆಳಗಿನ ಕಪಾಟಿನಲ್ಲಿದ್ದ ಗಿಳಿ ಹಸಿರಿನ ಡಬ್ಬಿಗಳನ್ನೆಲ್ಲ ಹೊರಗೆ ತೆಗೆಸಿ ಆಟೋಗೆ ತುಂಬಿಸುವುದನ್ನು ಬೆಪ್ಪಾಗಿ ನೋಡುತ್ತಾ ನಿಂತರು. ಯಾವ ಗಿರಾಕಿಗೆ ಸಾರ್ ಇದು ಎಂದು ಒಬ್ಬ ಕೇಳಿಯೂ ಬಿಟ್ಟ. ಯಜಮಾನರು ಆಟೋ ಹತ್ತಿದರು. ಮನೆಯಲ್ಲಿ ಮಗಳು ಆಗಲೇ ಹಳೆಯ ಬಟ್ಟೆ ಹಾಕಿಕೊಂಡು, ತಲೆಗೆ ಕರವಸ್ತ್ರ ಕಟ್ಟಿ, ಎರಡು ರೋಲರು ತೊಳೆದಿಟ್ಟುಕೊಂಡು ಮಲಗುವ ಕೋಣೆಯಲ್ಲಿ ಕಾಯುತ್ತಿದ್ದಳು. "ಅಪ್ಪಾ, ಗೆರೆ ಬೀಳದ ಹಾಗೆ ಹೇಗೆ ಬಳಿಯೋದು, ನನಗೂ ಹೇಳಿಕೊಡು," ಎಂದಳು. ಯಜಮಾನರು ಡಬ್ಬಿಯ ಮುಚ್ಚಳ ತೆಗೆದು, ಆ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣವನ್ನು ಕೋಲಿನಿಂದ ನಿಧಾನವಾಗಿ ಕಲಕತೊಡಗಿದರು.